ಒಳಗೆ ಬೆಲ್ಲದ ಬಣ್ಣ, ಮೇಲೆ ತೆಳುಗಪ್ಪು

ಧಾರವಾಡದ ನಮ್ಮ ಮನೆಯ ಹಿತ್ತಿಲ ಗೋಡೆಗೆ ಅಜ್ಜನ ಕಾಲದ ಚರ್ಮದ ಗೆಜ್ಜೆಪಟ್ಟಿಯೊಂದು ತೂಗುತ್ತಿದೆ. ಎತ್ತುಗಳು ಹೋಗಿ ಎಷ್ಟೋ ವರ್ಷಗಳಾದವು. ಕೊರಳಿಗೆ ತಾಗುತ್ತಿದ್ದ ಒಳಮೈ ಬೆವರು, ಎಣ್ಣೆ ಕುಡಿದು ಕಾಕಂಬಿಯಂತೆ ಮಿರುಗುತ್ತದೆ. ಹೊರಮೈಯಲ್ಲಿ ಗೆಜ್ಜೆ ಉಜ್ಜಿದ ಕಡೆಯೆಲ್ಲ ಕಪ್ಪು ಸವೆದು ಒಳಗಿನ ಬೆಲ್ಲದ ಬಣ್ಣ ಇಣುಕುತ್ತದೆ. ಹೀಗೆ ಹಳತಾಗುವ ಬೆಲ್ಟ್ ಒಂದನ್ನು ನಾನೇ ಮಾಡಿಕೊಳ್ಳಬೇಕು ಎಂಬ ಆಸೆ ಹುಟ್ಟಿದ್ದು ಅದನ್ನು ನೋಡಿಯೇ.

ಹುಬ್ಬಳ್ಳಿಯ ಅಂಗಡಿಯೊಂದರಿಂದ ತಂದ ಮೊದಲ ತುಂಡು ದಂಡವಾಯಿತು. ‘ಅಸಲಿ ಚರ್ಮ’ ಎಂದು ಕೊಟ್ಟರು, ಸುಳ್ಳೇನಲ್ಲ. ಆದರೆ ಅದು ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಕತ್ತರಿಸಿ ನೋಡಿದರೆ ಅಂಚಿನ ನಡುವೆ ನೀಲಿ ಬೆರೆತ ಬೂದು ಬಣ್ಣ. ಅಂಥ ಚರ್ಮ ಸವೆದರೆ ಕಾಣುವುದು ಆ ಬೂದು ಬಣ್ಣವೇ ಹೊರತು ಬೆಲ್ಲದ ಬಣ್ಣವಲ್ಲ. ನಮಗೆ ಬೇಕಾದದ್ದು ತೊಗಟೆ, ಕಾಯಿಗಳಿಂದ ಹದ ಮಾಡಿದ ಚರ್ಮ. ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ನಮ್ಮ ಕಡೆಯ ಹಳೆಯ ಹದಗಳು. ಇಂಥ ಚರ್ಮದ ಅಂಚು ಒಳಗಿನವರೆಗೂ ಕಂದು. ಮೇಲೆ ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡು ಅಲ್ಲಿ ಗಾಢವಾಗುತ್ತದೆ. ಕೊಲ್ಹಾಪುರಿ ಚಪ್ಪಲಿಯ ಚರ್ಮ ಈ ಜಾತಿಯದು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿ ಕೇಳಿ ಮೂರು ಮಿಲಿಮೀಟರ್ ದಪ್ಪದ ಎರಡು ಪಟ್ಟಿ ತಂದೆ.

ಮೊದಲನೆಯದಕ್ಕೆ ಕಬ್ಬಿಣದ ಕಪ್ಪು ಹಾಕಿದೆ. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆದು, ಬಿಳಿ ವಿನೆಗರ್‌ನಲ್ಲಿ ಎರಡು ವಾರ ನೆನೆಹಾಕಿದೆ. ಒಳಗೆ ಹೈಡ್ರೋಜನ್ ಏಳುತ್ತದೆ, ಆದ್ದರಿಂದ ಬಾಟಲಿಯ ಮುಚ್ಚಳಕ್ಕೆ ತೂತು ಇರಲೇಬೇಕು. ಬೆಂಕಿಯ ಹತ್ತಿರ ಇಡಬಾರದು. ಸೋಸಿದ ನೀರನ್ನು ಬಟ್ಟೆಯಿಂದ ಸವರಿದ್ದೇ ತಡ, ಕಂದು ಚರ್ಮ ನನ್ನ ಕಣ್ಣೆದುರೇ ಬೂದಾಗಿ, ನೇರಳೆಯಾಗಿ, ಕೆಲವೇ ನಿಮಿಷಗಳಲ್ಲಿ ಇದ್ದಿಲಾಯಿತು. ತೊಗಟೆ, ಕಾಯಿಗಳಿಂದ ಚರ್ಮಕ್ಕೆ ಇಳಿದ ಒಗರಿಗೆ ಕಬ್ಬಿಣ ಕೂಡಿದರೆ ಆಗುವುದೇ ಹೀಗೆ. ಅನ್ನಭೇದಿ ಎಂಬ ಕಬ್ಬಿಣದ ಲವಣ, ಅಳಲೆಕಾಯಿ ಬೆರೆಸಿ ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಬಳಿಕ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆದೆ. ಹುಳಿ ಉಳಿದರೆ ಚರ್ಮ ಕ್ರಮೇಣ ಬಿರುಸಾಗಿ ಸೀಳುತ್ತದೆ.

ಕಪ್ಪೇನೋ ಬಹಳ ಚೆನ್ನಾಗಿ ಬಂತು. ಆದರೆ ಎರಡು ವರ್ಷ ಕಟ್ಟಿದರೂ ಅದು ಹೊಸದರಂತೆಯೇ ಉಳಿಯಿತು. ಆ ಕಪ್ಪು ಮೇಲೆ ಬಳಿದ ಬಣ್ಣವಲ್ಲ, ಚರ್ಮದೊಳಗೇ ಹುಟ್ಟಿದ್ದು. ಮೇಲ್ಮೈ ಸವೆದರೂ ಕೆಳಗೆ ಮತ್ತೆ ಕಪ್ಪೇ. ಗೆಜ್ಜೆಪಟ್ಟಿಯನ್ನು ಕೈಯಲ್ಲಿ ಹಿಡಿದು ಮತ್ತೆ ನೋಡಿದಾಗ ನನ್ನ ತಪ್ಪು ಹೊಳೆಯಿತು. ಬಳಿಯುವ ಮೊದಲೇ, ಸವೆದಾಗ ಯಾವ ಬಣ್ಣ ಕಾಣಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕಿತ್ತು.

ಎರಡನೆಯ ಪಟ್ಟಿಗೆ ಹಾಗಾಗಿ ಮೊದಲು ಒಳಬಣ್ಣ. ಮಾರ್ಚ್ ತಿಂಗಳ ಬಿಸಿಲಿಗೆ ಮಾಳಿಗೆಯ ಮೇಲೆ ಐದು ದಿನ ಇಟ್ಟು, ದಿನಕ್ಕೆರಡು ಸಲ ಮಗುಚಿ ಹಾಕುತ್ತಿದ್ದೆ. ಬಿಸಿಲಿಗೆ ಚರ್ಮ ತಾನಾಗಿಯೇ ಕಂದಾಗುತ್ತದೆ, ಆ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಒಣಗಿ ಬಿರಿಯದಂತೆ ನಡುವೆ ಒಮ್ಮೆ ಕೊಬ್ಬರಿ ಎಣ್ಣೆಯ ಕೈ ಸವರಿ, ಎಣ್ಣೆ ಪೂರ್ತಿ ಇಂಗಲು ಎರಡು ದಿನ ನೆರಳಲ್ಲಿಟ್ಟೆ. ಮನೆಯಲ್ಲಿದೆ ಎಂದು ಕುಸುಬೆ ಎಣ್ಣೆ ಹಚ್ಚಬೇಡಿ. ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆ. ಒಂದು ಚೂರಿಗೆ ಹಚ್ಚಿ ನೋಡಿದ್ದೆ, ತಿಂಗಳಾದರೂ ಅಂಟು ಹೋಗಲಿಲ್ಲ.

ಆಮೇಲೆ ಕಪ್ಪು. ಸ್ಪಿರಿಟ್‌ನಲ್ಲಿ ಕರಗುವ ಚರ್ಮದ ಬಣ್ಣಕ್ಕೆ ಅಷ್ಟೇ ಅಳತೆಯ ಸ್ಪಿರಿಟ್ ಬೆರೆಸಿ ತೆಳುವಾಗಿಸಿದೆ. ಬಿಸಿಲೇರಿದರೆ ಹಚ್ಚುವಷ್ಟರಲ್ಲೇ ಆರಿ ಗೆರೆ ಬೀಳುತ್ತದೆ, ಹಾಗಾಗಿ ಬೆಳಗಿನ ತಂಪಿನಲ್ಲಿ, ಕಿಟಕಿ ತೆರೆದಿಟ್ಟು ಕೂತೆ. ಹಳೆಯ ಬನಿಯನ್ ಬಟ್ಟೆಯ ಉಂಡೆಯನ್ನು ಬಣ್ಣದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ವೃತ್ತವೃತ್ತವಾಗಿ ಉಜ್ಜಿದೆ. ಬಟ್ಟೆ ಒದ್ದೆಯಾಗಿದ್ದರೆ ಬಣ್ಣ ಆಳಕ್ಕಿಳಿಯುತ್ತದೆ, ಆಮೇಲೆ ಕಬ್ಬಿಣದ ಕಪ್ಪಿನ ಕಥೆಯೇ. ಎರಡು ಕೈ ಸಾಕು. ಮೂರನೆಯದಕ್ಕೆ ಕೈ ತುರಿಸುತ್ತದೆ, ತಡೆದುಕೊಳ್ಳಿ. ಒಣಗಿದ ಮೇಲೆ ಬಿಳಿ ಬಟ್ಟೆಗೆ ಬಣ್ಣ ಹತ್ತದಿರುವ ತನಕ ಉಜ್ಜಬೇಕು, ಇಲ್ಲವಾದರೆ ಅಂಗಿ ಹಾಳು.

ಕೊನೆಗೆ ಒಂದು ಪಾಲು ಜೇನುಮೇಣ, ಮೂರು ಪಾಲು ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಆರಿದ ಮೇಲೆ ಬೆರಳಲ್ಲೇ ತಿಕ್ಕಿದೆ. ಸುಳ್ಳು ಹಳತನಕ್ಕಾಗಿ ಉಪ್ಪುಕಾಗದದಿಂದ ಕೆರೆಯುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಎಲ್ಲಿ ಸವೆಯಬೇಕೆಂಬುದನ್ನು ತೊಟ್ಟವನ ಮೈಯೇ ಹೇಳಬೇಕು.

ಜುಲೈ ಬಂತೆಂದರೆ ಧಾರವಾಡದ ಜಿಟಿಜಿಟಿ ಮಳೆಗೆ ಚರ್ಮಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡದೆ ಗಾಳಿಯಾಡುವ ಗೂಟಕ್ಕೆ ನೇತುಹಾಕುತ್ತೇನೆ, ಬಿಳಿ ಕಂಡರೆ ಒಣಬಟ್ಟೆಯಿಂದ ಒರೆಸುತ್ತೇನೆ.

ಬೆಲ್ಟಿಗೆ ಈಗ ಹದಿನಾಲ್ಕು ತಿಂಗಳು. ಬಕಲ್ ಮಡಚುವ ಜಾಗದಲ್ಲಿ ಗೆಣ್ಣಿನಷ್ಟು ಅಗಲಕ್ಕೆ ಕಪ್ಪು ತೆಳುವಾಗಿದೆ. ಮೂರನೆಯ ತೂತಿನ ಸುತ್ತ, ಬಕಲಿನ ಮೊಳೆ ದಿನವೂ ಉಜ್ಜುವ ಬದಿಯಲ್ಲಿ, ಅಕ್ಕಿಕಾಳಿನಷ್ಟು ಬೆಲ್ಲದ ಬಣ್ಣ ಕಾಣಿಸಿಕೊಂಡಿದೆ.