ಹೆಸರು ಕೆಟ್ಟ ಮೇಲೆ ಇನ್ನಷ್ಟು ಕೆಡಿಸಿಕೊಳ್ಳದಿರುವುದು ಹೇಗೆ?

ತಪ್ಪು ನಡೆದ ದಿನ ಕಂಪನಿಗೆ ಬೀಳುವ ಪೆಟ್ಟಿಗಿಂತ, ಅದರ ಬಗ್ಗೆ ಆಡಿದ ಮಾತನ್ನು ಮರುದಿನ ನುಂಗಿಕೊಳ್ಳಬೇಕಾಗಿ ಬಂದಾಗ ಬೀಳುವ ಪೆಟ್ಟು ಎಷ್ಟೋ ಸಲ ಜೋರು. ಆದ್ದರಿಂದ ಇಲ್ಲಿ ಹೇಳುವ ಕ್ರಮದ ಗುರಿ ಒಂದೇ: ವಾಪಸ್ ತೆಗೆದುಕೊಳ್ಳಬೇಕಾದ ಮಾತು ಹೊರಗೆ ಹೋಗಬಾರದು.

ಮೊದಲ ಅರ್ಧ ಗಂಟೆ
ಜಾಹೀರಾತು, ಮೊದಲೇ ಸಮಯ ನಿಗದಿ ಮಾಡಿಟ್ಟ ಪೋಸ್ಟ್, ಗ್ರಾಹಕರಿಗೆ ತಾನಾಗಿ ಹೋಗುವ ಮೆಸೇಜ್ ನಿಲ್ಲಿಸಿ. ಸಾವಿನ ಸುದ್ದಿಯ ಪಕ್ಕದಲ್ಲಿ ರಿಯಾಯಿತಿ ಮಾರಾಟದ ಜಾಹೀರಾತು ಕಂಡರೆ ಆ ಸ್ಕ್ರೀನ್‌ಶಾಟ್ ವರ್ಷಗಟ್ಟಲೆ ಓಡಾಡುತ್ತದೆ. ಮಾತಾಡಲು ಒಬ್ಬರನ್ನೇ ಗೊತ್ತುಮಾಡಿ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಖಚಿತವಾದದ್ದು, ಕೇಳಿಬಂದದ್ದು, ಗೊತ್ತಿಲ್ಲದ್ದು.

ಮೊದಲ ಹೇಳಿಕೆ
ಗಂಟೆಯೊಳಗೆ ಬರಬೇಕು, ನಾಲ್ಕು ವಾಕ್ಯ ಸಾಕು: ಏನಾಗಿದೆ, ತೊಂದರೆಗೆ ಸಿಕ್ಕವರು ಈಗ ಏನು ಮಾಡಬೇಕು, ನಾವೇನು ನಿಲ್ಲಿಸಿದ್ದೇವೆ, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಮೊದಲ ಕಾಲಂನಲ್ಲಿ ಇಲ್ಲದ ಅಂಕಿ ಒಂದೂ ಬೇಡ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಬಿಪಿ ತೈಲ ಕಂಪನಿಯ ಬಾವಿಯಿಂದ ದಿನಕ್ಕೆ 1,000 ಬ್ಯಾರಲ್ ತೈಲ ಸೋರುತ್ತಿದೆ ಎಂಬ ಅಂದಾಜು ಆರಂಭದಲ್ಲಿ ಹೊರಬಿತ್ತು. ಕೆಲವೇ ದಿನಗಳಲ್ಲಿ ಅದು 5,000 ಆಯಿತು. ಅಮೆರಿಕ ಸರ್ಕಾರದ ವಿಜ್ಞಾನಿಗಳ ಕೊನೆಯ ಲೆಕ್ಕ ಆರಂಭದ ದಿನಗಳಿಗೆ ಸುಮಾರು 62,000. ಅಷ್ಟಾದ ಮೇಲೆ ನಿಜ ಹೇಳಿದರೂ ಜನ ನಂಬುವುದು ಕಷ್ಟ.

ಕ್ಷಮೆ
ಇಲ್ಲಿ ವ್ಯಾಕರಣವೇ ಎಲ್ಲ. ‘ತಪ್ಪಾಗಿದೆ’ ಎಂಬ ಮಾತಿನಲ್ಲಿ ತಪ್ಪು ಮಾಡಿದವರು ಕಾಣುವುದಿಲ್ಲ. ‘ತಪ್ಪು ಮಾಡಿದ್ದೇವೆ’ ಎನ್ನಿ. ‘ಯಾರಿಗಾದರೂ ನೋವಾಗಿದ್ದರೆ’ ಎಂಬಲ್ಲಿನ ‘ದ್ದರೆ’ ಕಿತ್ತುಹಾಕಿ. 2017ರ ಏಪ್ರಿಲ್ 9ರಂದು ಯುನೈಟೆಡ್ ಏರ್‌ಲೈನ್ಸ್ ವಿಮಾನದಿಂದ ಪ್ರಯಾಣಿಕರೊಬ್ಬರನ್ನು ಎಳೆದು ಹೊರಹಾಕಲಾಯಿತು. ಮರುದಿನ ಸಿಇಒ ಕ್ಷಮೆ ಕೇಳಿದ್ದು ಪ್ರಯಾಣಿಕರಿಗೆ ಬೇರೆ ವ್ಯವಸ್ಥೆ ಮಾಡಬೇಕಾಗಿ ಬಂದದ್ದಕ್ಕೆ! ಆ ಪ್ರಯಾಣಿಕರನ್ನೇ ದೂಷಿಸಿ ಸಿಬ್ಬಂದಿಗೆ ಬರೆದ ಪತ್ರವೂ ಬಯಲಾಯಿತು. ಸರಿಯಾದ ಕ್ಷಮೆ ಬರಲು ಇನ್ನೊಂದು ದಿನ ಬೇಕಾಯಿತು. ಒಳಗಿನ ಪತ್ರವನ್ನೂ ನಾಳೆಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆ ಎಂದುಕೊಂಡೇ ಬರೆಯಿರಿ.

ವಕೀಲರು ಕ್ಷಮೆಯನ್ನು ಪೂರ್ತಿ ಹೊಡೆದುಹಾಕಲು ನೋಡುತ್ತಾರೆ. ಆಗ ‘ಈ ಮಾತು ತೆಗೆಯಿರಿ’ ಎನ್ನುವ ಬದಲು ‘ಹೀಗೆ ಹೇಳಿ’ ಎಂದು ಬರೆದುಕೊಡಲು ಅವರನ್ನೇ ಕೇಳಿ. ಕಾರಣ ತನಿಖೆಯಲ್ಲಿದ್ದರೂ ನೊಂದವರ ಬಗ್ಗೆ ಮರುಗಲು ಅಡ್ಡಿಯಿಲ್ಲ.

ಯಾರಿಗೆ ಮೊದಲು?
ನೊಂದವರ ಮನೆಯವರಿಗೆ, ಆಮೇಲೆ ಸಿಬ್ಬಂದಿಗೆ, ಆಮೇಲೆ ಮಾಧ್ಯಮಕ್ಕೆ. ಕಾನೂನು ಗಡುವು ಇದ್ದರೆ ನಿಯಂತ್ರಣ ಸಂಸ್ಥೆಗೆ ಅದರೊಳಗೆ. ಕಾಲ್ ಸೆಂಟರ್‌ನವರನ್ನು ಮರೆಯುವುದೇ ಹೆಚ್ಚು. ಅವರ ಕೈಯಲ್ಲಿ ಉತ್ತರದ ಹಾಳೆ ಇರಲಿ, ಅದರಲ್ಲಿನ ಕೊಂಡಿಗಳನ್ನು (ಲಿಂಕ್) ಒಬ್ಬರು ತೆರೆದು ನೋಡಿರಲಿ. 2017ರ ಮಾಹಿತಿ ಸೋರಿಕೆಯ ನಂತರ, ಜನರ ಸಾಲದ ದಾಖಲೆ ಇಡುವ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್ ತನ್ನದೇ ಟ್ವಿಟರ್ ಖಾತೆಯಿಂದ ಗ್ರಾಹಕರನ್ನು ಬೇರೆಯವರು ಕಟ್ಟಿದ ನಕಲಿ ತಾಣಕ್ಕೆ ಕಳಿಸಿತ್ತು.

ಪರಿಹಾರ
ಕಾರಣ ಗೊತ್ತಾಗುವ ಮುಂಚೆ ‘ಸರಿಪಡಿಸಿದ್ದೇವೆ’ ಎನ್ನಬೇಡಿ. 2016ರಲ್ಲಿ ಸ್ಯಾಮ್‌ಸಂಗ್ ಸುಮಾರು 25 ಲಕ್ಷ ನೋಟ್ 7 ಫೋನ್‌ಗಳನ್ನು ಹಿಂಪಡೆಯಿತು. ಬದಲಿಯಾಗಿ ಕೊಟ್ಟ ಫೋನ್‌ಗಳಿಗೂ ಬೆಂಕಿ ಹತ್ತಿತು, ಏಕೆಂದರೆ ಅವುಗಳ ಬ್ಯಾಟರಿಯಲ್ಲಿದ್ದದ್ದು ಬೇರೆಯದೇ ದೋಷ. ಕೊನೆಗೆ ಆ ಮಾದರಿಯನ್ನೇ ಕೈಬಿಟ್ಟಿತು. ಮಾರಾಟ ನಿಲ್ಲಿಸಿ, ಹಣ ವಾಪಸ್ ಕೊಟ್ಟು, ಕಾರಣ ಹುಡುಕುತ್ತಿದ್ದೇವೆ ಎನ್ನುವುದೇ ಕಡಿಮೆ ಖರ್ಚಿನ ದಾರಿ.

ಟೀಕೆಯ ಕಮೆಂಟ್‌ಗಳನ್ನು ಅಳಿಸಬೇಡಿ. ಬೈಗುಳ, ಬೆದರಿಕೆ, ಖಾಸಗಿ ವಿವರಗಳನ್ನು ಮಾತ್ರ ತೆಗೆಯಿರಿ. ಹೇಳಿಕೆಯಲ್ಲೇ ತಪ್ಪು ನುಸುಳಿದ್ದರೆ ಸದ್ದಿಲ್ಲದೆ ತಿದ್ದಬೇಡಿ, ತಿದ್ದಿದ ಸಮಯ ನಮೂದಿಸಿ. ಮುಂದಿನ ಮಾಹಿತಿ ಸಂಜೆ 6ಕ್ಕೆ ಎಂದಿದ್ದರೆ, ಹೊಸದೇನೂ ಇಲ್ಲದಿದ್ದರೂ 6ಕ್ಕೇ ಬನ್ನಿ: ‘ತನಿಖೆ ಮುಗಿದಿಲ್ಲ, ನಾಳೆ ಬೆಳಿಗ್ಗೆ 10ಕ್ಕೆ ಮತ್ತೆ ತಿಳಿಸುತ್ತೇವೆ.’