ವರಂಗದಲ್ಲಿ ದೋಣಿ ಕಾಯುತ್ತಾ

ವರಂಗ ಉಡುಪಿ ಜಿಲ್ಲೆಯ ಒಂದು ಊರು. ಅಲ್ಲಿ ಕೆರೆಯ ನಡುವೆ ಒಂದು ಬಸದಿ, ಅಂದರೆ ಜೈನರ ದೇವಸ್ಥಾನ. ದೋಣಿಯಲ್ಲೇ ಹೋಗಬೇಕು. ಮೊದಲ ಸಲ ಅಲ್ಲಿಗೆ ಹೋದದ್ದನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ. ಗೆಳತಿಯರ ಜೊತೆ ಕಾರು. ಬೆಳಿಗ್ಗೆ ಕಾರ್ಕಳದ ಗೊಮ್ಮಟ, ಸಂಜೆ ಆಗುಂಬೆಯ ಸೂರ್ಯಾಸ್ತ, ನಡುವೆ ಅರ್ಧ ಗಂಟೆ ವರಂಗ. ದೋಣಿ ಆಚೆ ದಡದಲ್ಲಿತ್ತು. ಕಾಯುವ ವ್ಯವಧಾನ ಯಾರಿಗಿತ್ತು? ದಡದಲ್ಲೇ ನಿಂತು ಕೆರೆ ಬಸದಿಯ ಫೋಟೊ ತೆಗೆದು ಹೊರಟೆವು.

ಎರಡನೇ ಸಲ ಅಮ್ಮನ ಜೊತೆ ಬಸ್ಸಿನಲ್ಲಿ ಹೋದೆ. ಉಡುಪಿಯಿಂದ ಹೆಬ್ರಿ, ಅಲ್ಲಿಂದ ಕಾರ್ಕಳದ ಬಸ್. ವರಂಗ ಅಂತ ಮೊದಲೇ ಹೇಳಿಟ್ಟರೆ ಕಂಡಕ್ಟರ್ ಇಳಿಸುತ್ತಾರೆ. ಮಳೆ ನಿಂತ ಮೇಲಿನ ದಿನಗಳು, ಕೆರೆ ತುಂಬಿತ್ತು. ಹಿಂದೆ ಸಹ್ಯಾದ್ರಿಯ ಸಾಲು.

ಈ ಸಲವೂ ದೋಣಿ ಆಚೆ ದಡದಲ್ಲೇ! ಅಮ್ಮ ಮಾತ್ರ ತಲೆಬಿಸಿ ಮಾಡಿಕೊಳ್ಳಲಿಲ್ಲ. "ಎಂತ ಅವಸರ ಮಾರಾಯ್ತಿ, ಅದು ಬರುವಾಗ ಬರ್ತದೆ. ಬಾ, ದೊಡ್ಡ ಬಸದಿ ನೋಡಿ ಬರುವ" ಅಂದರು. ಹಾಗೆ ತೀರ್ಥಂಕರ ನೇಮಿನಾಥನ ಬಸದಿಗೆ ಹೋದೆವು. ಊರವರು ಅದನ್ನು ಹಿರೇ ಬಸದಿ ಅನ್ನುತ್ತಾರೆ.

ಕಾರಿನಲ್ಲಿ ಬಂದವರು ಹೆಚ್ಚಾಗಿ ಬಿಟ್ಟು ಹೋಗುವುದು ಇದನ್ನೇ. ಪೂರ್ತಿ ಕಲ್ಲಿನ ಕಟ್ಟಡ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಪಾದಕ್ಕೆ ತಣ್ಣಗಿನ ಕಲ್ಲು, ಮೂಗಿಗೆ ಎಣ್ಣೆ ದೀಪದ ವಾಸನೆ. ಆಮೇಲೆ ನಿಧಾನಕ್ಕೆ ಕತ್ತಲೊಳಗಿಂದ ನೇಮಿನಾಥನ ಮೂರ್ತಿ ಕಾಣತೊಡಗುತ್ತದೆ. 1424ರಲ್ಲಿ ವಿಜಯನಗರದ ದೇವರಾಯ ವರಂಗ ಗ್ರಾಮವನ್ನೇ ಈ ಬಸದಿಗೆ ದತ್ತಿ ಬಿಟ್ಟಿದ್ದ. ಅಂದರೆ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸುವ 8 ವರ್ಷ ಮೊದಲು. ನಾವು ನಡೆದು ಬಂದ ದಾರಿ, ಪಕ್ಕದ ಗದ್ದೆ ಎಲ್ಲ ಒಂದು ಕಾಲಕ್ಕೆ ಈ ದೇವರದ್ದು. ಈಗಲೂ ಇಲ್ಲಿ ಜೈನ ಮಠ ಇದೆ, ಶಿವಮೊಗ್ಗ ಜಿಲ್ಲೆಯ ಹೊಂಬುಜ ಜೈನ ಮಠಕ್ಕೆ ಸೇರಿದ್ದು. ಸುಮ್ನೆ ನೋಡಿ ಹೋಗುವ ಹಳೇ ಕಟ್ಟಡ ಅಲ್ಲ, ದಿನವೂ ಪೂಜೆ ನಡೆಯುವ ಜಾಗ. ಅಂಗಳದಲ್ಲಿ ನನ್ನ ಫೋನ್ ಜೋರಾಗಿ ಹಾಡಿದಾಗ ಪೂಜೆಯವರು ಏನೂ ಹೇಳಲಿಲ್ಲ, ತಿರುಗಿ ನೋಡಿದರು ಅಷ್ಟೇ. ಸಾಕಾಯಿತು.

ಕೆರೆಗೆ ವಾಪಸ್ ಬರುವಾಗ ದೋಣಿ ಈಚೆಗೆ ಬಂದಿತ್ತು. ಸಣ್ಣ ದೋಣಿ. "ಅಮ್ಮ, ನೀವು ನಡುವೆ ಕೂತ್ಕೊಳ್ಳಿ. ಅಕ್ಕ, ನೀವು ಈ ಕಡೆ" ಅಂತ ದೋಣಿಯವರು ತೂಕ ಸರಿ ಮಾಡಿದರು. ಅಂಚಿಗೂ ನೀರಿಗೂ ಗೇಣು ಅಂತರ. ಫೋಟೊ ತೆಗೆಯಲು ನಾನು ಸ್ವಲ್ಪ ವಾಲಿದ್ದೇ ತಡ, ಅಮ್ಮ ನನ್ನ ಚೂಡಿದಾರದ ಶಾಲು ಗಟ್ಟಿ ಹಿಡಿದುಕೊಂಡರು. ಇಳಿಯುವವರೆಗೂ ಬಿಡಲಿಲ್ಲ.

ಕೆರೆ ಬಸದಿ ಚತುರ್ಮುಖ. ನಾಲ್ಕು ದಿಕ್ಕಿಗೂ ತೀರ್ಥಂಕರರು. ಆದರೆ ಅಮ್ಮ ಹೆಚ್ಚು ಹೊತ್ತು ನಿಂತದ್ದು ಅಲ್ಲಿರುವ ಪದ್ಮಾವತಿ ದೇವಿಯ ಮುಂದೆ. ಹರಕೆ ಹೊತ್ತು ಬರುವವರು ಜಾಸ್ತಿ ಇರುವುದೂ ಅಲ್ಲಿಯೇ, ಜೈನರಲ್ಲದವರೂ ಬರುತ್ತಾರೆ.

ಹೋಗುವವರಿಗೆ ನನ್ನ ಮಾತು ಇಷ್ಟೇ: ಆಗುಂಬೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಅಂಗಳದ ಕಲ್ಲು ಕಾದು ಬರಿಗಾಲಲ್ಲಿ ನಡೆಯಲು ಆಗುವುದಿಲ್ಲ. ದೋಣಿ ಆಚೆ ಇದ್ದರೆ ಕೂಗಿ ಕರೆಯಬೇಡಿ, ಹಿರೇ ಬಸದಿಗೆ ಹೋಗಿ ಕೂತುಕೊಳ್ಳಿ.

ವಾಪಸ್ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಅಮ್ಮ ಆಗಲೂ ಶಾಲಿನ ತುದಿ ಹಿಡಿದೇ ಕೂತಿದ್ದರು.