ಬೆನ್ನೆಲುಬಿನ ರಕ್ತನಾಳದ ಗಡ್ಡೆ: ಒಂದು ಶಸ್ತ್ರಚಿಕಿತ್ಸೆಯ ಅನುಭವ

ಬಂಟ್ವಾಳದ ಆಚೆಯ ಹಳ್ಳಿಯಿಂದ ಮಂಗಳೂರಿಗೆ ನನ್ನನ್ನು ಕಾಣಲು ಬಂದ ಆ ಹೆಣ್ಣುಮಗಳು ದಿನವಿಡೀ ಬೀಡಿ ಕಟ್ಟುತ್ತಿದ್ದವರು. ಗೆರಸೆಯನ್ನು ಮಡಿಲಲ್ಲಿಟ್ಟು ಬಗ್ಗಿ ಕೂರುವುದರಿಂದಲೇ ಬೆನ್ನುನೋವು ಎಂದು ಮನೆಯವರೆಲ್ಲ ನಂಬಿದ್ದರು. “ಚಪ್ಪಲಿ ಕಾಲಿನಿಂದ ಜಾರಿದ್ದೇ ಗೊತ್ತಾಗುವುದಿಲ್ಲ ಡಾಕ್ಟ್ರೇ” ಎಂದು ಅವರು ಹೇಳಿದಾಗ ಇದು ಬರಿಯ ಸ್ನಾಯುನೋವಲ್ಲವೆಂದು ನನಗೆ ಅನಿಸಿತು. ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಎದ್ದಿತು. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವುದರ ಸೂಚನೆ ಅದು.

ಬೆನ್ನೆಲುಬಿನ ಎದೆಭಾಗದ 8ನೆಯ ಮಣಿಯಲ್ಲಿ ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಗಡ್ಡೆ, ಇರುವುದು ಎಂಆರ್‌ಐಯಲ್ಲಿ ಕಂಡಿತು. ಇದು ಕ್ಯಾನ್ಸರಲ್ಲ. ಸುಮಾರು ನೂರರಲ್ಲಿ ಹತ್ತು ಜನರ ಬೆನ್ನೆಲುಬಿನಲ್ಲಿ ಇದು ಇರುತ್ತದೆ, ಹೆಚ್ಚಿನವರಿಗೆ ಜೀವಮಾನವಿಡೀ ತೊಂದರೆ ಕೊಡುವುದಿಲ್ಲ. ವರದಿಯಲ್ಲಿ ಈ ಹೆಸರನ್ನು ಓದಿ ಹೆದರಿ ಬರುವವರನ್ನು ನಾನು ಸಮಾಧಾನ ಹೇಳಿಯೇ ಕಳುಹಿಸುತ್ತೇನೆ. ಇವರ ಗಡ್ಡೆಯಾದರೋ ಮಣಿಯನ್ನೆಲ್ಲ ಆವರಿಸಿ, ಹಿಂಗೋಡೆಯನ್ನು ದಾಟಿ, ಹುರಿಯನ್ನು ಒಂದು ಬದಿಗೆ ಅದುಮಿತ್ತು.

ಈ ಶಸ್ತ್ರಚಿಕಿತ್ಸೆಯಲ್ಲಿ ನಿಜವಾದ ಶತ್ರು ರಕ್ತಸ್ರಾವ. ತರಬೇತಿಯ ದಿನಗಳಲ್ಲಿ, ಮುಂಚಿತವಾಗಿ ರಕ್ತನಾಳ ಮುಚ್ಚದೆಯೇ ಮಣಿಯನ್ನು ತೆರೆದಾಗ ರಕ್ತ ಒರತೆಯಂತೆ ಉಕ್ಕಿದ್ದನ್ನು ಕಂಡಿದ್ದೆ. ಆ ದೃಶ್ಯ ಇಂದಿಗೂ ಮನಸ್ಸಿನಲ್ಲಿದೆ. ಆದ್ದರಿಂದ ಹಿಂದಿನ ದಿನವೇ ತೊಡೆಸಂದಿಯ ಧಮನಿಯ ಮೂಲಕ ಕ್ಯಾಥೆಟರ್ ಎಂಬ ತೆಳು ಕೊಳವೆ ಏರಿಸಿ ಎಂಬೋಲೈಸೇಶನ್, ಅಂದರೆ ಗಡ್ಡೆಯ ರಕ್ತನಾಳಗಳನ್ನು ಒಳಗಿನಿಂದಲೇ ಮುಚ್ಚುವ ಕೆಲಸ, ಮಾಡಿಸಿದೆ. ಗಡ್ಡೆಗೆ ರಕ್ತ ಕೊಡುವ ಪಕ್ಕೆಲುಬಿನ ಧಮನಿಗಳಿಂದಲೇ ಕೆಲವೊಮ್ಮೆ ಹುರಿಯ ಮುಖ್ಯ ರಕ್ತನಾಳವಾದ ಆಡಮ್‌ಕೀವಿಚ್ ಧಮನಿಯೂ ಹೊರಡುವುದುಂಟು; ಅದನ್ನು ತಿಳಿಯದೆ ಮುಚ್ಚಿದರೆ ಕಾಲುಗಳೇ ಶಾಶ್ವತವಾಗಿ ಹೋಗಬಹುದು. ಎರಡೂ ಬದಿಗಳಲ್ಲಿ, ಮೇಲಿನ ಕೆಳಗಿನ ಮಟ್ಟಗಳಲ್ಲಿ ಚಿತ್ರ ತೆಗೆದು, ಅದು ಬೇರೆಡೆಯಿಂದ ಹೊರಡುತ್ತದೆಂದು ಖಚಿತವಾದ ಮೇಲಷ್ಟೇ ಸೂಕ್ಷ್ಮ ಕಣಗಳನ್ನು ಬಿಡಲಾಯಿತು. ಮುಚ್ಚಿದ ದಾರಿಗಳ ಬದಲಿಗೆ ಹೊಸ ದಾರಿಗಳು ಬೇಗನೆ ತೆರೆದುಕೊಳ್ಳುವುದರಿಂದ ಮರುದಿನ ಬೆಳಿಗ್ಗೆಯೇ ಶಸ್ತ್ರಚಿಕಿತ್ಸೆಗೆ ತೆಗೆದುಕೊಂಡೆವು.

ಇಡೀ ಮಣಿಯನ್ನು ಕಿತ್ತು ತೆಗೆಯುವ ಆಲೋಚನೆಯನ್ನು ನಾನು ಬೇಕೆಂದೇ ಬಿಟ್ಟೆ. ಕ್ಯಾನ್ಸರಲ್ಲದ ಗಡ್ಡೆಗೆ ಅಷ್ಟು ದೊಡ್ಡ ಗಾಯ ಸಲ್ಲದು, ಹುರಿಗೆ ಬಿಡುಗಡೆ ಸಿಕ್ಕರೆ ಸಾಕು ಎಂಬುದು ನನ್ನ ನಿಲುವು. ಮೇಲಿನ ಮತ್ತು ಕೆಳಗಿನ ಮಣಿಗಳಿಗೆ ಸ್ಕ್ರೂ ಹಾಕಿ, ರೋಗಗ್ರಸ್ತ ಮಣಿಯೊಳಗೆ ಬೋನ್ ಸಿಮೆಂಟ್ ತುಂಬಿದೆವು. ಫ್ರಾನ್ಸಿನಲ್ಲಿ 1984ರಲ್ಲಿ ಸಿಮೆಂಟ್ ತುಂಬುವ ಈ ವಿಧಾನವನ್ನು ಮೊದಲು ಬಳಸಿದ್ದೂ ಕುತ್ತಿಗೆಯ ಹೆಮಾಂಜಿಯೋಮಾ ಒಂದಕ್ಕೇ. ಹಿಂಗೋಡೆ ತೂತಾಗಿದ್ದುದರಿಂದ ಸಿಮೆಂಟ್ ಟೂತ್‌ಪೇಸ್ಟಿನಷ್ಟು ಗಟ್ಟಿಯಾಗುವವರೆಗೆ ಕಾದು, ಸಿ-ಆರ್ಮ್ ಎಂಬ ಎಕ್ಸ್‌-ರೇ ಯಂತ್ರದ ಪರದೆಯಿಂದ ಕಣ್ಣು ತೆಗೆಯದೆ ಸ್ವಲ್ಪಸ್ವಲ್ಪವೇ ತುಂಬಿ, ಅದು ಮಣಿಯ ಹಿಂಭಾಗವನ್ನು ಸಮೀಪಿಸುತ್ತಲೇ ನಿಲ್ಲಿಸಿದೆ. ಒಳಗಿನ ರಕ್ತದ ಕೋಶಗಳು ತುಂಬಿಹೋದ ಬಳಿಕ ಲ್ಯಾಮಿನೆಕ್ಟಮಿ ಮಾಡಿ, ಅಂದರೆ ಹುರಿಯ ಹಿಂದಿನ ಎಲುಬಿನ ಕಮಾನನ್ನು ತೆಗೆದು, ಹುರಿಯ ಸುತ್ತಲಿನ ಮೃದು ಗಡ್ಡೆಯನ್ನು ಬೈಪೋಲಾರ್ ಎಂಬ ವಿದ್ಯುತ್ ಚಿಮಟದಿಂದ ಸುಟ್ಟು ಕುಗ್ಗಿಸುತ್ತ ಬಿಡಿಸಿದೆ. ಹುರಿ ಮತ್ತೆ ಮಿಡಿಯತೊಡಗಿತು.

ಆರನೆಯ ವಾರ ಅವರು ಕೋಲಿಲ್ಲದೆ ನಡೆದು ಬಂದರು. ಎಡ ಪಾದದಲ್ಲಿ ಜೋಮು ಇನ್ನೂ ಉಳಿದಿದೆ. ಉಳಿಸಿದ ಗಡ್ಡೆಗೆ ವಿಕಿರಣ ಬೇಕೇ ಎಂಬುದನ್ನು ಆರು ತಿಂಗಳ ಎಂಆರ್‌ಐ ನೋಡಿ ನಿರ್ಧರಿಸಲಿದ್ದೇವೆ.